ಕರೆಂಟ್ ಬಂದ ಮೇಲೆ ಎದ್ದು ಕೂರುವುದು ಯಾವುದು? ಮನೆ ಸರ್ವರ್ ಮೂರು ಬಗೆ

ಲಿಂಗಸುಗೂರಿನಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ರಾಯಚೂರಿನಿಂದ ಹೆಂಡತಿಯ ಫೋನ್: “ಕರೆಂಟ್ ಹೋಗಿ ಬಂತ್ರೀ. ಬಟನ್ ನಾನೇ ಒತ್ತೀನಿ, ನಿಮ್ಮ ಡಬ್ಬಿ ಹೂಂ ಅಂತೈತಿ. ಆದ್ರ ಫೋಟೋ ಒಂದೂ ಬರವಲ್ದು.” ಎರಡು ದಿನ ಬಿಟ್ಟು ಮನೆಗೆ ಬಂದು, ಅಟ್ಟದ ಮೇಲಿದ್ದ ಹಳೇ ಮಾನಿಟರ್ ಇಳಿಸಿ ಹಚ್ಚಿ ನೋಡಿದೆ. ಕಪ್ಪು ಪರದೆಯ ಮೇಲೆ ಒಂದು ಸಾಲು: ಮುಂದುವರಿಯಲು ಎಫ್1 ಒತ್ತಿ. ಮನೆಯ ಫೋಟೊ, ಹಾಡು, ಫೈಲು ಕಾಯಲು ಹಗಲೂ ರಾತ್ರಿ ಓಡುವ ಡೆಸ್ಕ್‌ಟಾಪ್ ಅದು, ನನ್ನ ಮನೆ ಸರ್ವರ್. ಕೀಬೋರ್ಡೇ ಇಲ್ಲದ ಯಂತ್ರ ಎರಡು ದಿನದಿಂದ ಯಾರಾದರೂ ಎಫ್1 ಒತ್ತಲಿ ಅಂತ ಕಾದು ಕೂತಿತ್ತು.

ಕಾರಣ ಮದರ್‌ಬೋರ್ಡಿನ ಮೇಲಿರುವ ರೂಪಾಯಿ ಬಿಲ್ಲೆಯಂಥ ಸಿಆರ್2032 ಸೆಲ್. 3 ವೋಲ್ಟ್ ಇರಬೇಕಾದದ್ದು ಮೀಟರ್ ಹಿಡಿದರೆ 1.9. ಗೋಡೆಯ ಕರೆಂಟ್ ಇರುವಷ್ಟು ಹೊತ್ತು ಅದರ ಸಾವು ಯಾರಿಗೂ ಗೊತ್ತಾಗಲಿಲ್ಲ. ಕರೆಂಟ್ ಹೋದದ್ದೇ ಬಯಾಸ್ (ಯಂತ್ರ ಎದ್ದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಎಲ್ಲ ಮರೆತು ಕೂತಿತು. “ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗು” ಎಂದು ನಾನು ಇಟ್ಟಿದ್ದ ಸೆಟ್ಟಿಂಗ್ ಹೋಯಿತು, “ಕೀಬೋರ್ಡ್ ಇಲ್ಲದಿದ್ದರೂ ನಿಲ್ಲಬೇಡ” ಎಂಬುದೂ ಹೋಯಿತು. ಮೂವತ್ತು ರೂಪಾಯಿಯ ಸೆಲ್.

ಅವತ್ತಿಂದ ಯಂತ್ರ ಆರಿಸುವ ನನ್ನ ಲೆಕ್ಕವೇ ಬದಲಾಯಿತು. ಎಷ್ಟು ವೇಗ, ಎಷ್ಟು ರ್‍ಯಾಮ್ ಅನ್ನುವುದೆಲ್ಲ ಆಮೇಲೆ. ಕರೆಂಟ್ ಹೋದಾಗ ಹೇಗೆ ಮಲಗುತ್ತೆ, ಬಂದಾಗ ತಾನೇ ಏಳುತ್ತೋ ಇಲ್ಲವೋ, ಕೆಟ್ಟರೆ ರಾಯಚೂರಿನಲ್ಲೇ ರಿಪೇರಿ ಆಗುತ್ತೋ ಇಲ್ಲವೋ, ಇಷ್ಟೇ. ಹೊರಗಿನವರು ನಗುತ್ತಾರೆ: ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್‌ನ ಸ್ಥಾವರ ಇಟ್ಟುಕೊಂಡು ನಿಮಗೆ ಕರೆಂಟ್ ಚಿಂತೆಯಾ? ಕರೆಂಟ್ ಹುಟ್ಟುವುದು ಬೇರೆ, ಮೇ ತಿಂಗಳ ಗಾಳಿಗೆ ಓಣಿಯ ವೈರಿನ ಮೇಲೆ ಬೇವಿನ ಕೊಂಬೆ ಬೀಳುವುದು ಬೇರೆ. ಮನೆಯಲ್ಲಿ ಇನ್ವರ್ಟರ್ ಇದೆ. ಎರಡು ಫ್ಯಾನ್ ಓಡಿಸಿ ಮೂರು ತಾಸಿಗೆ ಕೈಚೆಲ್ಲುತ್ತೆ.

ಮೂರು ಯಂತ್ರಗಳನ್ನು ಎರಡು ಬೇಸಿಗೆ, ಒಂದು ಮಳೆಗಾಲ ಓಡಿಸಿದ್ದೇನೆ: 2009ರಲ್ಲಿ ನಾನೇ ಜೋಡಿಸಿದ ಕೋರ್ 2 ಡ್ಯುಯೊ ಡೆಸ್ಕ್‌ಟಾಪ್, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4, ಯಾವುದೋ ಆಫೀಸಿನಿಂದ ಕಳಚಿ ಬಂದ ಸೆಕೆಂಡ್ ಹ್ಯಾಂಡ್ ಐ5 ಲ್ಯಾಪ್‌ಟಾಪ್. ಮೂರರಲ್ಲೂ ಡೆಬಿಯನ್ ಲಿನಕ್ಸ್ (ಪೈ ಮೇಲಿನದು ಡೆಬಿಯನ್‌ನ ಕೂಸೇ). ಮೂರರ ಹೊಣೆಯೂ ಒಂದೇ: ಫೋನ್‌ಗಳ ಫೋಟೊ ಸಿಂಕ್‌ಥಿಂಗ್ ಅನ್ನುವ ತಂತ್ರಾಂಶದಿಂದ ಇಳಿಸಿಕೊಳ್ಳುವುದು, ಅಪ್ಪ ಹಾಡಿದ ತತ್ವಪದಗಳ ಕ್ಯಾಸೆಟ್‌ನಿಂದ ತೆಗೆದ ಫ್ಲ್ಯಾಕ್ ಆಡಿಯೊ ಫೈಲುಗಳನ್ನು ಮನೆಯ ಟೀವಿಗೆ ಕೊಡುವುದು, ಮತ್ತೆ ನನ್ನ ಡಿಟಿಪಿ ಅಂಗಡಿಯ ಇಪ್ಪತ್ತು ವರ್ಷದ ಫೈಲು ಕಾಯುವುದು. ಮೊದಲು ಇವನ್ನೆಲ್ಲ ಪುಕ್ಕಟೆ ಕೊಡುವ ಒಂದು ಸೇವೆಯಲ್ಲಿ ಇಟ್ಟಿದ್ದೆ. ಜಾಗ ತುಂಬಿದ ದಿನ ಅದು ದುಡ್ಡು ಕೇಳಿತು. ಕೇಳಿದ್ದು ತಪ್ಪಲ್ಲ, ಆದರೆ ಅಪ್ಪನ ದನಿಗೆ ತಿಂಗಳ ಬಾಡಿಗೆ ಕಟ್ಟುವುದು ನನಗೆ ಒಗ್ಗಲಿಲ್ಲ.

ಡೆಸ್ಕ್‌ಟಾಪಿನ ಮೇಲೆ ನನಗೆ ಮೋಹ. 2002ರಲ್ಲಿ ಮೊದಲ ಕಂಪ್ಯೂಟರಿನ ಬಿಡಿಭಾಗಗಳನ್ನು ಸಿಕಂದರಾಬಾದಿನ ಚೆನೊಯ್ ಟ್ರೇಡ್ ಸೆಂಟರ್‌ನಿಂದ ಬಸ್ಸಿನಲ್ಲಿ ಮಹಬೂಬ್‌ನಗರ, ಮಕ್ತಲ್ ದಾರಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವನು ನಾನು. 2006ರಲ್ಲಿ ಉಬುಂಟು ಲಿನಕ್ಸಿನ ಸಿಡಿ ಅಂಚೆಯಲ್ಲಿ ಪುಕ್ಕಟೆ ಬಂತು, ಅದನ್ನು ಮಾಡುವ ಕ್ಯಾನೊನಿಕಲ್‌ನವರು ಆಗ ಕೇಳಿದವರಿಗೆಲ್ಲ ಕಳಿಸುತ್ತಿದ್ದರು. ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ ತಪ್ಪಿ ಆರಿಸಿ ಹದಿನೇಳು ಲಗ್ನಪತ್ರಿಕೆ ಅಳಿಸಿ ಹಾಕಿದೆ. ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಿದೆ. ಬ್ಯಾಕಪ್ ಅಂದರೇನು ಅಂತ ಕಲಿತದ್ದು ಆ ರಾತ್ರಿ.

ಈ ಡೆಸ್ಕ್‌ಟಾಪಿನ ದೊಡ್ಡ ಗುಣ: ಏನು ಕೆಟ್ಟರೂ ಊರಲ್ಲೇ ಸಿಗುತ್ತೆ. ಪವರ್ ಸಪ್ಲೈ ಒಮ್ಮೆ ಕೈಕೊಟ್ಟಿತು. ಬಿಚ್ಚಿದರೆ ಎರಡು ಕೆಪಾಸಿಟರ್ ತಲೆ ಉಬ್ಬಿದ್ದವು. ತೀನ್ ಕಂದೀಲ್ ಹತ್ತಿರ ಟೀವಿ ರಿಪೇರಿ ಮಾಡುವ ಗೆಳೆಯನ ಡಬ್ಬಿಯಿಂದ 105 ಡಿಗ್ರಿ ತಡೆಯುವಂಥವನ್ನು ಆರಿಸಿ ಬೆಸುಗೆ ಹಾಕಿದೆ, ಒಂದು ಚಹಾದ ಖರ್ಚು. ಶತ್ರು ಅಂದರೆ ಅರಳೆ. ನಮ್ಮ ಮನೆ ಜಿನ್ನಿಂಗ್ ಮಿಲ್ಲಿನ ಕಡೆ, ಹತ್ತಿ ಸುಗ್ಗಿ ಶುರುವಾದರೆ ಗಾಳಿಯಲ್ಲೇ ನಾರು ತೇಲುತ್ತೆ. ಜನವರಿಯಲ್ಲಿ ಪ್ರೊಸೆಸರ್ ಫ್ಯಾನ್ ಬಿಚ್ಚಿದರೆ ಹೀಟ್‌ಸಿಂಕಿನ ಪಟ್ಟಿಗಳ ನಡುವೆ ಬತ್ತಿ ಹೊಸೆಯುವಷ್ಟು ಹತ್ತಿ. ಪೇಂಟ್ ಬ್ರಷ್ಷಿನಿಂದ ಗುಡಿಸಿದರೆ 12 ಡಿಗ್ರಿ ಇಳಿಯಿತು.

ಆದರೆ ತಿನ್ನುವುದು ಜಾಸ್ತಿ. ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರಿನಲ್ಲಿ, ಏನೂ ಕೆಲಸ ಮಾಡದೆ ಕೂತಾಗಲೇ 68 ವ್ಯಾಟ್. ಹಗಲೂ ರಾತ್ರಿ ಓಡಿಸಿದರೆ ತಿಂಗಳಿಗೆ 49 ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕ ಮನೆಯ ಜಗಳವಾಯಿತು. ನಮ್ಮ ಹಿಂದಿನ ಸರಾಸರಿ 110, ಅದರ ಮೇಲೆ ಶೇ 10 ಸೇರಿ 121 ಯೂನಿಟ್‌ವರೆಗೆ ಬಿಲ್ ಸೊನ್ನೆ. ಮೀರಿದ್ದಕ್ಕೆ ದುಡ್ಡು. ಆ ಸರಾಸರಿಯ ವರ್ಷ ಸರ್ವರ್ ಇರಲಿಲ್ಲ. ಲ್ಯಾಪ್‌ಟಾಪ್ 11 ವ್ಯಾಟ್, ತಿಂಗಳಿಗೆ 8 ಯೂನಿಟ್. ಪೈ ಮತ್ತು ಎಸ್‌ಎಸ್‌ಡಿ ಸೇರಿ 6 ವ್ಯಾಟ್, ನಾಲ್ಕು ಚಿಲ್ಲರೆ. ಇಲ್ಲಿ ಡೆಸ್ಕ್‌ಟಾಪ್ ಪರ ವಾದಿಸಲು ನನ್ನ ಬಾಯಿ ಏಳಲಿಲ್ಲ.

ಪೈ ಬಗ್ಗೆ ಕೇಳಿದವರೆಲ್ಲ ಕೊಂಡಾಡಿದ್ದರು. ಅಂಗೈಯಷ್ಟು ಬೋರ್ಡು, ಫ್ಯಾನ್ ಇಲ್ಲ, ಸದ್ದಿಲ್ಲ, ಕರೆಂಟ್ ಬಂದರೆ ತಾನೇ ಏಳುತ್ತೆ. ಬಯಾಸ್ ಇಲ್ಲ, ಎಫ್1ರ ಹಂಗಿಲ್ಲ. ನಾನು ಮಾಡಿದ ಮೊದಲ ತಪ್ಪು, ಡ್ರಾಯರಿನಲ್ಲಿದ್ದ ಫೋನ್ ಚಾರ್ಜರ್ ಹಾಕಿದ್ದು. ಪೈ 4 ಕೇಳುವುದು 5 ವೋಲ್ಟ್, 3 ಆಂಪ್. ವೋಲ್ಟೇಜ್ 4.63ಕ್ಕಿಂತ ಕೆಳಗೆ ಬಂದರೆ ಅದು ದೂರು ಬರೆದಿಡುತ್ತೆ. ಪೈ ತನ್ನ ಸ್ಥಿತಿ ಹೇಳುವ ವಿಸಿಜೆನ್‌ಸಿಎಮ್‌ಡಿ ಆಜ್ಞೆ ಕೊಟ್ಟು ಕೇಳಿದರೆ 50005 ಅಂದಿತು. ಕೊನೆಯ 5 ಅಂದರೆ ಈ ಕ್ಷಣ ವೋಲ್ಟೇಜ್ ಸಾಲದು, ವೇಗ ತಗ್ಗಿಸಿದ್ದೇನೆ. ಮೊದಲಿನ 5 ಅಂದರೆ ಎದ್ದಾಗಿನಿಂದ ಒಮ್ಮೆಯಾದರೂ ಹೀಗೆ ಆಗಿದೆ. ಸರಿಯಾದ ಅಡಾಪ್ಟರ್ ತಂದೆ, ಸೊನ್ನೆಗೆ ಬಂತು.

ಎರಡನೆಯದು, ಪೈ ತನ್ನದೆಲ್ಲ ಇಟ್ಟುಕೊಳ್ಳುವ ಮೆಮೊರಿ ಕಾರ್ಡ್. ಬರೆಯುತ್ತಿರುವಾಗ ಕರೆಂಟ್ ಹೋದರೆ ಅಗ್ಗದ ಕಾರ್ಡು ಆ ಒಂದು ಫೈಲನ್ನು ಮಾತ್ರ ಕಳೆಯುವುದಿಲ್ಲ. ಫ್ಲ್ಯಾಶ್ ಮೆಮೊರಿ ಅಳಿಸಿ ಬರೆಯುವುದು ದೊಡ್ಡ ದೊಡ್ಡ ತುಂಡಾಗಿ, ಆ ತುಂಡಿನಲ್ಲಿದ್ದ ನೆರೆಹೊರೆಯ ಫೈಲೂ ಹೋಗುತ್ತೆ. ಲಿನಕ್ಸಿನ ಎಕ್ಸ್‌ಟಿ4 ಫೈಲ್‌ಸಿಸ್ಟಂ ಬರೆಯುವ ಮುಂಚೆ ಇಟ್ಟುಕೊಳ್ಳುವ ಟಿಪ್ಪಣಿ (ಜರ್ನಲ್) ಇದ್ದೂ ಉಪಯೋಗವಿಲ್ಲ. ಬರೆದಾಯಿತು ಅಂತ ಕಾರ್ಡೇ ಸುಳ್ಳು ಹೇಳಿದರೆ ಫೈಲ್‌ಸಿಸ್ಟಂ ಏನು ಮಾಡೀತು? ಎರಡು ಕಾರ್ಡ್ ಕಳೆದುಕೊಂಡ ಮೇಲೆ ಯುಎಸ್‌ಬಿ ಎಸ್‌ಎಸ್‌ಡಿಯಿಂದಲೇ ಬೂಟ್ ಮಾಡಿಸಿದೆ, ಆಮೇಲೆ ಆ ಕಾಟ ಇಲ್ಲ.

ಮೂರನೆಯದು ತಮಾಷೆಯದು. ಪೈ 4ರಲ್ಲಿ ಗಡಿಯಾರ ಇಲ್ಲ. ಡೆಸ್ಕ್‌ಟಾಪಿಗೆ ಕೈಕೊಟ್ಟ ಆ ಮೂವತ್ತು ರೂಪಾಯಿ ಸೆಲ್ ಇದಕ್ಕೆ ಇಲ್ಲವೇ ಇಲ್ಲ. ಮಲಗುವ ಮುಂಚೆ ಬರೆದಿಟ್ಟ ಹೊತ್ತನ್ನೇ ನಂಬಿ ಏಳುತ್ತೆ, ನೆಟ್ ಸಿಕ್ಕ ಮೇಲೆ ತಿದ್ದಿಕೊಳ್ಳುತ್ತೆ. ಒಂದು ರಾತ್ರಿ ಒಂದೂವರೆಗೆ ಹೋದ ಕರೆಂಟ್ ಮರುದಿನ ಹನ್ನೆರಡಕ್ಕೆ ಬಂತು, ನೆಟ್ ಬರಲಿಲ್ಲ. ಪೈ ಪಾಲಿಗೆ ಇನ್ನೂ ಒಂದೂವರೆ ರಾತ್ರಿ. ರಾತ್ರಿ ಎರಡರ ಬ್ಯಾಕಪ್ಪನ್ನು ನಾನು ರೊಟ್ಟಿ ಮುರಿಯುವ ಹೊತ್ತಿಗೆ ನಿಷ್ಠೆಯಿಂದ ಮುಗಿಸಿತು. ಡಿಎಸ್3231 ಅನ್ನುವ ಪುಟ್ಟ ಗಡಿಯಾರದ ಚೂರು ತಂದು ನಾಲ್ಕು ಪಿನ್ನಿಗೆ ಸಿಕ್ಕಿಸಿ, ಕಾನ್ಫಿಗ್ ಫೈಲಿಗೆ ಒಂದು ಸಾಲು ಸೇರಿಸಿದೆ. ಈಗ ಹೊತ್ತು ಗೊತ್ತು. ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು.

ಇನ್ನು ಸೆಕೆ. ಹೊರಗೆ 43 ಡಿಗ್ರಿ ಇದ್ದಾಗ ಪ್ಲಾಸ್ಟಿಕ್ ಡಬ್ಬಿಯೊಳಗಿನ ಪೈ 80 ಮುಟ್ಟಿ ವೇಗ ತಗ್ಗಿಸಿತು. ಅಲ್ಯೂಮಿನಿಯಂ ಡಬ್ಬಿಗೆ ಹಾಕಿ ಕಡಪಾ ಕಲ್ಲಿನ ಗೂಡಿನಲ್ಲಿಟ್ಟೆ, 66ಕ್ಕೆ ನಿಂತಿತು. ಎಲ್ಲ ಸರಿ, ಆದರೆ ಬೋರ್ಡೇ ಸತ್ತರೆ? ರಾಯಚೂರಿನಲ್ಲಿ ಅದನ್ನು ಬಿಚ್ಚಿ ನೋಡುವವರಿಲ್ಲ, ಬಿಚ್ಚಲು ಅದರಲ್ಲಿ ಏನೂ ಇಲ್ಲ. ಹೊಸದು ತರಿಸಬೇಕು ಅಷ್ಟೆ.

ಲ್ಯಾಪ್‌ಟಾಪ್ ಈ ಆಟದಲ್ಲಿ ಕಳ್ಳ ಗೆಲುವು ಗೆಲ್ಲುತ್ತೆ. ಹೊಟ್ಟೆಯಲ್ಲೇ ಬ್ಯಾಟರಿ ಇರುವುದರಿಂದ ಕರೆಂಟ್ ಹೋದದ್ದೇ ಅದಕ್ಕೆ ಸುದ್ದಿಯಲ್ಲ. ನಾಲ್ಕು ತಾಸು ತಡೆದು, ಶೇ 10ಕ್ಕೆ ಬಂದಾಗ ತಾನೇ ಮರ್ಯಾದೆಯಿಂದ ಮಲಗುವಂತೆ ಇಟ್ಟಿದ್ದೇನೆ. ಮುಚ್ಚಳ ಮುಚ್ಚಿದರೂ ಎಚ್ಚರ ಇರಲಿ ಅನ್ನುವುದಕ್ಕೆ ಲಾಗಿನ್‌ಡಿ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಸಾಕು. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಹಳೇ ಫೈಲುಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪರೀಕ್ಷೆಯನ್ನು ಮೂರಕ್ಕೂ ಇಟ್ಟೆ. ಹಳೆಯ ನುಡಿ ಫಾಂಟಿನ ‘ಕ’ ಒಳಗೆ ನಿಜವಾಗಿ ಇರುವುದು ಇಂಗ್ಲಿಷ್ ಪಿ ಮತ್ತು ತಲೆ ಮೇಲೆ ಗೀಟಿರುವ ಎ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ. ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಪೋಸ್ಟರು ಸೇರಿ ನಾಲ್ಕು ಸಾವಿರ ಚಿಲ್ಲರೆ ಫೈಲು. ಒಂದೇ ಪೈಥಾನ್ ಸ್ಕ್ರಿಪ್ಟು. ಲ್ಯಾಪ್‌ಟಾಪ್ 11 ನಿಮಿಷ, ಡೆಸ್ಕ್‌ಟಾಪ್ 19, ಪೈ 26. ಒತ್ತಕ್ಷರದ ತಪ್ಪು ಮಾತ್ರ ಮೂರರಲ್ಲೂ ಒಂದೇ, ಅದು ನನ್ನ ಸ್ಕ್ರಿಪ್ಟಿನದು.

ಕೊರತೆ ಎರಡು. ನನ್ನ ಈ ಲ್ಯಾಪ್‌ಟಾಪಿನಲ್ಲಿ “ಕರೆಂಟ್ ಬಂದರೆ ಏಳು” ಅನ್ನುವ ಸೆಟ್ಟಿಂಗೇ ಇಲ್ಲ. ಬ್ಯಾಟರಿ ಆ ಶೇ 10ಕ್ಕೆ ಇಳಿಯುವಷ್ಟು ಹೊತ್ತು ಕರೆಂಟ್ ಹೋದರೆ ಯಾರಾದರೂ ಗುಂಡಿ ಒತ್ತಬೇಕು. ವರ್ಷಕ್ಕೆ ಮೂರು ನಾಲ್ಕು ಸಲ ಹಾಗಾಗಿದೆ. ಇನ್ನೊಂದು ಅಪಾಯದ್ದು. ಮೊದಲ ಬೇಸಿಗೆ ಸದಾ ಶೇ 100 ಚಾರ್ಜಿನಲ್ಲಿ ಬಿಟ್ಟಿದ್ದೆ. ಮೇ ಕೊನೆಗೆ ಮುಚ್ಚಳ ಸರಿಯಾಗಿ ಕೂರಲಿಲ್ಲ. ತೆಗೆದರೆ ಟಚ್‌ಪ್ಯಾಡ್ ಪುರಿಯಂತೆ ಮೇಲೆದ್ದಿತ್ತು, ಕೆಳಗಿನ ಬ್ಯಾಟರಿ ಉಬ್ಬಿತ್ತು. ಸೆಕೆ ಮತ್ತು ಪೂರ್ತಿ ಚಾರ್ಜು, ಲಿಥಿಯಂ ಬ್ಯಾಟರಿಗೆ ಇವೆರಡು ಸೇರಬಾರದು. ತಪ್ಪು ನನ್ನದೇ. ಬದಲಿಸಿದ ಮೇಲೆ ಬ್ಯಾಟರಿ ಹಿಡಿತದಲ್ಲಿಡುವ ಟಿಎಲ್‌ಪಿ ತಂತ್ರಾಂಶ ಹಾಕಿ 75ಕ್ಕೆ ಚಾರ್ಜ್ ಶುರು, 80ಕ್ಕೆ ನಿಲ್ಲು ಅಂತ ಕಟ್ಟುಹಾಕಿದೆ. ಎರಡನೇ ಬೇಸಿಗೆ ಉಬ್ಬಲಿಲ್ಲ.

ಹಾಗಾಗಿ ಈಗ ಮನೆಯ ಭಾರ ಹೊತ್ತಿರುವುದು ಲ್ಯಾಪ್‌ಟಾಪ್. ಹೊಸದಾಗಿ ಶುರು ಮಾಡುವವರು ಕೇಳಿದರೂ ಅದನ್ನೇ ಹೇಳುತ್ತೇನೆ, ಬ್ಯಾಟರಿಗೆ ಕಡಿವಾಣ ಹಾಕುವುದಾದರೆ ಮಾತ್ರ. ಪೈ ಸಿಂಧನೂರಿನ ತಮ್ಮನ ಮನೆ ಸೇರಿದೆ. ಕಂಪ್ಯೂಟರ್ ಗೊತ್ತಿಲ್ಲದವರ ಮನೆಯಲ್ಲಿ ತಾನೇ ಬಿದ್ದು ತಾನೇ ಏಳುವ ಯಂತ್ರವೇ ಬೇಕು. ರಾತ್ರಿ ಎರಡಕ್ಕೆ ಇಲ್ಲಿಯದನ್ನೆಲ್ಲ ಅಲ್ಲಿಗೆ ನಕಲು ಮಾಡಿಕೊಳ್ಳುತ್ತೆ, ನಿಜವಾದ ರಾತ್ರಿ ಎರಡಕ್ಕೆ.

ಡೆಸ್ಕ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಭಾನುವಾರ ಒಂದು ತಾಸು ಚಾಲೂ ಮಾಡಿ ಮೂರನೇ ನಕಲು ತೆಗೆಯುತ್ತೇನೆ. ಹೊಸ ಸೆಲ್ಲಿನ ಮೇಲೆ ಮಾರ್ಕರಿನಿಂದ ತಾರೀಖು ಬರೆದು ಹಾಕಿದ್ದೇನೆ. ಒಂದು ಹಳೇ ಕೀಬೋರ್ಡೂ ಹಚ್ಚಿಟ್ಟಿದ್ದೇನೆ, ಎಫ್1 ಎಲ್ಲಿದೆ ಅಂತ ಮನೆಯವಳಿಗೆ ತೋರಿಸಿದ್ದೂ ಆಗಿದೆ.