ಮಳೆಗಾಲದಲ್ಲಿ ಮಕ್ಕಳ ನೀರಾಟ: ಚಾವಣಿಯಡಿಯ ಈಜುಕೊಳವೋ, ತೆರೆದ ಕೊಳವೋ, ಹಳ್ಳದ ಬದಿಯ ಹೋಮ್‌ಸ್ಟೇಯೋ?

ಜುಲೈನಲ್ಲಿ ತೀರ್ಥಹಳ್ಳಿ, ಆಗುಂಬೆ, ಸಾಗರದ ಕಡೆ ಮಕ್ಕಳೊಂದಿಗೆ ಹೊರಟರೆ ಮಳೆ ಬಿಟ್ಟಾಗಷ್ಟೇ ಹೊರಗೆ ಕಾಲಿಡಲು ಸಾಧ್ಯ. ಉಳಿಯುವ ಜಾಗದಲ್ಲೇ ನೀರಾಟ ಬೇಕೆನ್ನುವವರಿಗೆ ಇರುವುದು ಈ ಮೂರು ದಾರಿ. ಮೂರೂ ಕಡೆ ಇದ್ದು ನೋಡಿದ ಮೇಲೆ ನಮ್ಮ ತೀರ್ಪು: ಸಣ್ಣ ಮಕ್ಕಳಿದ್ದರೆ ಮಳೆಗಾಲಕ್ಕೆ ಚಾವಣಿಯಡಿಯ ಕೊಳವೇ ಸರಿ, ಆದರೆ ಒಳಗೆ ಗಾಳಿ ಆಡುತ್ತಿದ್ದರೆ ಮಾತ್ರ.

ಬಾಗಿಲು ತೆರೆದ ಕೂಡಲೇ ಮೂಗಿಗೆ ಘಾಟು ಹೊಡೆದರೆ ಅಲ್ಲಿ ಇಳಿಯಬೇಡಿ. ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ ಎಂಬುದಕ್ಕೆ ಆ ವಾಸನೆ ಗುರುತಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಎಂಬ ಘಾಟಿನ ರಾಸಾಯನಿಕ ಹುಟ್ಟುತ್ತದೆ. ಬಯಲಲ್ಲಿ ಅದು ಗಾಳಿಗೆ ಹೋಗಿಬಿಡುತ್ತದೆ, ಚಾವಣಿಯಡಿ ನೀರಿನ ಮೇಲೇ ನಿಲ್ಲುತ್ತದೆ, ಅಂದರೆ ಸರಿಯಾಗಿ ಮಕ್ಕಳ ಮೂಗಿನ ಮಟ್ಟದಲ್ಲಿ. ಕಣ್ಣು ಕೆಂಪಾಗುವುದು, ಒಣಕೆಮ್ಮು ಬರುವುದು ಇದರಿಂದಲೇ. ಮೇಲಿಂದ ಸುರಿಯುವ ಬಕೆಟ್ಟು, ಕಾರಂಜಿಗಳು ಇದ್ದಷ್ಟೂ ಅದು ಗಾಳಿಗೆ ಹೆಚ್ಚು ಏಳುತ್ತದೆ. ಇಳಿಯುವ ಮೊದಲು ಎಲ್ಲರೂ ಸೋಪು ಹಚ್ಚಿ ಮೈ ತೊಳೆದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವುದು ಸಾಮಾನ್ಯ. ರೂಮು ಕಾದಿರಿಸುವಾಗಲೇ ಕೇಳಿ: ಎಕ್ಸಾಸ್ಟ್ ಫ್ಯಾನು, ಫಿಲ್ಟರ್ ಪಂಪು ಎರಡೂ ಜನರೇಟರಿಗೆ ಸೇರಿವೆಯೇ? ಬರೀ ದೀಪಕ್ಕೆ ಜನರೇಟರ್ ಇದ್ದರೆ ಸಾಲದು.

ಚಾವಣಿ ಇದೆ ಎಂದಮಾತ್ರಕ್ಕೆ ನೀರು ಬೆಚ್ಚಗಿರುತ್ತದೆ ಎಂದುಕೊಳ್ಳಬೇಡಿ. ಹೀಟರ್ ಇಲ್ಲದಿದ್ದರೆ ಬಿಸಿಲು ಕಾಣದ ಆ ನೀರು ತಣ್ಣಗೇ ಇರುತ್ತದೆ. ಮಕ್ಕಳಿಗೆ 28ರಿಂದ 30 ಡಿಗ್ರಿ ಬೇಕು. ತುಟಿ ನೀಲಿಗಟ್ಟಿದರೆ ಆಟ ಅಲ್ಲಿಗೇ ನಿಲ್ಲಲಿ. ನೀರಿಗೆ ಅದ್ದಿ ನೋಡುವ ಪರೀಕ್ಷಾ ಪಟ್ಟಿ ಜೊತೆಗಿರಲಿ: ಪಿಎಚ್ (ಆಮ್ಲ-ಕ್ಷಾರದ ಮಟ್ಟ) 7.2ರಿಂದ 7.8, ಕ್ಲೋರಿನ್ 1ರಿಂದ 3 ಪಿಪಿಎಂ. ಪಟ್ಟಿ ಇಲ್ಲದಿದ್ದರೆ ದಡದಲ್ಲಿ ನಿಂತು ತಳದ ಜಾಲರಿ ನೋಡಿ. ಅದು ಸ್ಪಷ್ಟವಾಗಿ ಕಾಣದಿದ್ದರೆ, ಅಲುಗಾಡುತ್ತಿದ್ದರೆ, ಮಗುವನ್ನು ಇಳಿಸಲೇಬೇಡಿ.

ತೆರೆದ ಕೊಳ ಮಳೆಗಾಲಕ್ಕಲ್ಲ. ಜಡಿಮಳೆಗೆ ಕ್ಲೋರಿನ್ ತೆಳುವಾಗುತ್ತದೆ, ಎಲೆ, ಮಣ್ಣು ಬಂದು ಬೀಳುತ್ತವೆ. ಗುಡುಗಿದರೆ ಕೂಡಲೇ ಮೇಲೆ ಬರಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಕಾಯಬೇಕು. ಮಾರ್ಚ್, ಏಪ್ರಿಲ್‌ನಲ್ಲಾದರೆ ಇದೇ ಮೊದಲ ಆಯ್ಕೆ.

ಹಳ್ಳದ ಬದಿಯ ಹೋಮ್‌ಸ್ಟೇಗೆ ಮಳೆಗಾಲದಲ್ಲಿ ಹೋಗಿ, ಆದರೆ ಹಳ್ಳಕ್ಕೆ ಇಳಿಯಬೇಡಿ. ಇಲ್ಲಿ ಹನಿ ಬೀಳದಿದ್ದರೂ ಮೇಲೆ ಗುಡ್ಡದಲ್ಲಿ ಸುರಿದರೆ ನೀರು ಏಕಾಏಕಿ ಏರುತ್ತದೆ. ತಿಳಿನೀರು ಕೆಂಪಾಗತೊಡಗಿದರೆ ಅದೇ ಎಚ್ಚರಿಕೆ. ಬಂಡೆಗಳ ಮೇಲೆ ಪಾಚಿ, ಹುಲ್ಲಿನಲ್ಲಿ ಉಂಬಳ (ಜಿಗಣೆ). ಉಂಬಳ ಕಚ್ಚಿದರೆ ಎಳೆಯದೆ ಉಗುರಿನಿಂದ ಅದರ ಬಾಯಿ ಸರಿಸಿ ಬಿಡಿಸಿ. ಆದರೆ ಬಚ್ಚಲ ಹಂಡೆಯ ಬಿಸಿನೀರಿನ ಸುಖವನ್ನು, ಒಲೆಯಿಂದಿಳಿಸಿದ ಬಿಸಿ ಕಡುಬನ್ನು ಯಾವ ರೆಸಾರ್ಟೂ ಕೊಟ್ಟಿಲ್ಲ. ಒದ್ದೆ ಬಟ್ಟೆ ಒಣಗುವುದೂ ಆ ಒಲೆಯ ಬದಿಯಲ್ಲೇ.

ರೆಸಾರ್ಟಿಗಾದರೆ ತಲಾ ಎರಡು ಜೊತೆ ನೈಲಾನ್ ಉಡುಪು ಒಯ್ಯಿರಿ, ಒಂದು ಜೊತೆ ಮರುದಿನಕ್ಕೆ ಒಣಗುವುದಿಲ್ಲ. ಹತ್ತಿಯ ಎಳೆ ಫಿಲ್ಟರಿಗೆ ಸಿಕ್ಕಿಕೊಳ್ಳುವುದರಿಂದ ಹತ್ತಿ ಚಡ್ಡಿಗೆ ಎಷ್ಟೋ ಕಡೆ ಪ್ರವೇಶವಿಲ್ಲ. ಶಿವಮೊಗ್ಗದ ಹತ್ತಿರ ಉಳಿದರೆ ನೀರಾಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಸಕ್ರೆಬೈಲು ಬಿಡಾರದ ಆನೆಗಳನ್ನು ನೋಡಲು ಬೆಳಗ್ಗೆಯೇ ಹೋಗಬೇಕು.