ಸ್ಟೋರಿವೀವರ್ ಅಥವಾ ಎಪಿಕ್: ಮಕ್ಕಳ ಓದಿಗೆ ಯಾವುದು?

ಮಗು ಕನ್ನಡದಲ್ಲೂ ಓದಬೇಕು ಅಂತಿದ್ದರೆ ಜಾಸ್ತಿ ಯೋಚನೆ ಬೇಡ, ಸ್ಟೋರಿವೀವರ್‌ನಿಂದಲೇ ಶುರು ಮಾಡಿ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಈ ಡಿಜಿಟಲ್ ಲೈಬ್ರರಿ ಉಚಿತ, ಕಥೆಗಳನ್ನು ಓದಿನ ಮಟ್ಟದ ಪ್ರಕಾರ 1ರಿಂದ 4ರವರೆಗೆ ವಿಂಗಡಿಸಿದ್ದಾರೆ, ಡೌನ್‌ಲೋಡ್ ಮಾಡಿ ಪ್ರಿಂಟ್ ಕೂಡ ತೆಗೆಯಬಹುದು. ಕ್ಲಾಸು ನೋಡಿ ಮಟ್ಟ ಆರಿಸಬೇಡಿ. ಐದನೇ ಕ್ಲಾಸಿನ ಮಗು ಎರಡನೇ ಮಟ್ಟದಲ್ಲಿ ಖುಷಿಯಾಗಿ ಓದಿದರೆ ಅದೇ ಸರಿ, ಅಲ್ವಾ?

ಎಪಿಕ್ ಕೂಡ ಡಿಜಿಟಲ್ ಪುಸ್ತಕಗಳ ಆ್ಯಪ್, ಮಾಡಿರುವುದು 12 ವರ್ಷದವರೆಗಿನ ಮಕ್ಕಳಿಗೆ. ಪುಸ್ತಕಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಇಂಗ್ಲಿಷ್, ಮನೆಯಲ್ಲಿ ಪೂರ್ತಿ ಬಳಸಲು ಚಂದಾ ಕಟ್ಟಬೇಕು. ಅದರ ಬಲ ಇರುವುದು ಓದಿನ ಲೆಕ್ಕ ಇಡುವುದರಲ್ಲಿ: ಎಷ್ಟು ಹೊತ್ತು ಓದಿದರು, ಎಷ್ಟು ಪುಸ್ತಕ ಮುಗಿಸಿದರು ಅಂತ ತಾನೇ ತೋರಿಸುತ್ತದೆ, ಬ್ಯಾಡ್ಜ್ ಕೊಡುತ್ತದೆ. ಸ್ಟೋರಿವೀವರ್ ಬಳಸುವವರು ಇದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟರೂ ಸಾಕು.

ನನ್ನ ಪ್ರಕಾರ ಆ್ಯಪ್‌ಗಿಂತ ಮಗುವಿಗೆ ಕೊಡುವ ಓದಿನ ಗುರಿ ಯಾವ ತರಹದ್ದು ಅನ್ನೋದೇ ಮುಖ್ಯ. ‘ವಾರಕ್ಕೆ ಹತ್ತು ಪುಸ್ತಕ’ ಅಂದರೆ ಮಕ್ಕಳು ತೆಳ್ಳಗಿನದನ್ನೇ ಹುಡುಕಿ ಸುಮ್ನೆ ಪುಟ ತಿರುವುತ್ತಾರೆ. ‘ದಿನಕ್ಕೆ 15 ನಿಮಿಷ, ಪುಸ್ತಕ ನಿನ್ನಿಷ್ಟ’ ಅನ್ನಿ. ಇಷ್ಟವಾಗದ್ದನ್ನು ಅರ್ಧಕ್ಕೇ ಬಿಟ್ಟರೂ ಬೈಯಬೇಡಿ.