ಮೊಣಕಾಲೆತ್ತರದಲ್ಲಿ ಸ್ಪಿಟ್‌ಫೈರ್: ಎರಡು ತಿಂಗಳು ಹಾರಿಸಿದ ಮೇಲೆ ನನ್ನ ರಿವ್ಯೂ

ಅಳಿಯನ, ಅಂದ್ರೆ ಅಕ್ಕನ ಮಗನ, ಹುಟ್ಟುಹಬ್ಬಕ್ಕೆ ಅಂತ ಮನೆಯಲ್ಲಿ ಹೇಳಿದ್ದು ಹೌದು. ಆದ್ರೆ ಅವನ ಹುಟ್ಟುಹಬ್ಬ ಬರುದು ಆಗಸ್ಟಲ್ಲಿ, ನಾನು ಇದನ್ನು ತರಿಸಿದ್ದು ಜನವರಿಯಲ್ಲಿ, ಅಕ್ಕ ಆಗ ಎಂಥದೂ ಹೇಳ್ಲಿಲ್ಲ, ಸುಮ್ನೆ ನಗಾಡಿದ್ಳು ಅಷ್ಟೇ. ಹಾಗಾಗಿ ಇದು ನಲವತ್ತು ದಾಟಿದವನ ರಿವ್ಯೂ ಅಂತ ತಿಳ್ಕೊಂಡೇ ಓದಿ.

ಸಾಮಾನು ಎಂಥದ್ದು ಅಂದ್ರೆ ರಿಮೋಟಿನ ಫೋಮ್ ವಿಮಾನ, ಎರಡನೇ ಮಹಾಯುದ್ಧದ ಇಂಗ್ಲೆಂಡಿನ ಯುದ್ಧವಿಮಾನ ಸ್ಪಿಟ್‌ಫೈರಿನ ಆಕಾರ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 40 ಸೆಂಟಿಮೀಟರ್, ಒಂದು ಮೊಳಕ್ಕೂ ಚೂರು ಕಮ್ಮಿ. ನಾಲ್ಕು ಚಾನೆಲ್ (ರಿಮೋಟಿನಲ್ಲಿ ನಾಲ್ಕು ಕಂಟ್ರೋಲ್), ಒಳಗೆ ವಾಲಿದ್ರೆ ತಾನೇ ನೇರ ಮಾಡುವ ಜೈರೋ, ಎರಡು ಬ್ಯಾಟರಿ, ಯುಎಸ್‌ಬಿ ಚಾರ್ಜರ್, ಎಕ್ಸ್‌ಟ್ರಾ ಒಂದು ಪ್ರೊಪೆಲ್ಲರ್. ಎಂಟು ಸಾವಿರ ಚಿಲ್ಲರೆ ಆಯ್ತು. ಕಂಪನಿ ಹೆಸರು ಬರೆಯುದಿಲ್ಲ, ಯಾಕಂದ್ರೆ ಕೆಳಗೆ ಬೈದದ್ದೂ ಉಂಟು. ಕಾಸರಗೋಡಿನ ನಮ್ಮ ಪೆರ್ಲಕ್ಕೆ ಬಂದು ಮುಟ್ಲಿಕ್ಕೆ ಹನ್ನೊಂದು ದಿನ. ಕೊರಿಯರ್‌ನವ ಫೋನ್ ಮಾಡಿ "ಏಟ್ಟಾ, ಲೊಕೇಶನ್ ಒನ್ನ್ ಅಯಕ್ಕುಮೋ" (ಅಣ್ಣಾ, ಲೊಕೇಶನ್ ಒಮ್ಮೆ ಕಳಿಸ್ತೀರಾ) ಅಂತ ಮೂರು ಸಲ ಕೇಳಿದ, ಮೂರು ಸಲವೂ ಕಳಿಸಿದೆ, ಕೊನೆಗೆ ಪೇಟೆಯ ಅಂಗಡಿಯಲ್ಲಿ ಇಟ್ಟು ಹೋದ. ಅದು ಇಲ್ಲಿ ಮಾಮೂಲು, ಅದಕ್ಕೆ ಮಾರ್ಕ್ ಕಟ್ ಮಾಡುದಿಲ್ಲ.

ಈಗ ನನಗೆ ಇದು ಯಾಕೆ ಬೇಕಿತ್ತು ಅಂತ. ನಮ್ಮ ಆಕಾಶದಲ್ಲಿ ಕಾಣುದು ಬಜ್ಪೆಗೋ ಕಣ್ಣೂರಿಗೋ ಹೋಗುವ ವಿಮಾನ, ಅದೂ ಎಲ್ಲೋ ಮೇಲೆ, ಸದ್ದು ಕೇಳಿ ತಲೆ ಎತ್ತುವಾಗ ಅದು ಮುಂದೆ ಹೋಗಿ ಆಗಿರ್ತದೆ. ಇಲ್ಲೇ ಹತ್ರ ಸೀತಾಂಗೋಳಿಯಲ್ಲಿ 2012ರಿಂದ ವಿಮಾನ ಕಂಪನಿ ಎಚ್‌ಎಎಲ್ ಉಂಟು, ಅಳಿಯ ಸಣ್ಣವನಿರುವಾಗ ಬಸ್ಸಿನ ಕಿಟಕಿಯಿಂದ ಬಗ್ಗಿ ಬಗ್ಗಿ ನೋಡ್ತಿದ್ದ, ವಿಮಾನ ಹೊರಗೆ ಬರ್ತದಾ ಅಂತ. ಅಲ್ಲಿ ಮಾಡುದು ವಿಮಾನದ ಒಳಗಿನ ಎಲೆಕ್ಟ್ರಾನಿಕ್ಸ್ ಮಾರಾಯ, ರೆಕ್ಕೆ ಬಾಲ ಎಲ್ಲ ಬೆಂಗಳೂರಲ್ಲಿ ಅಂತ ಹೇಳಿದ್ರೆ ಅವನಿಗೆ ಬೇಜಾರು. ಒಮ್ಮೆ ದೆಹಲಿಗೆ ಹೋದಾಗ ಪಾಲಂನ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ ನಾನು ಸ್ಪಿಟ್‌ಫೈರ್, ಹರಿಕೇನ್, ಟೆಂಪೆಸ್ಟ್ ಮೂರನ್ನೂ ಕಣ್ಣಾರೆ ನೋಡಿದ್ದೇನೆ. ಖುಷಿ ಆಯ್ತು, ಇಲ್ಲ ಅಂತಲ್ಲ. ಆದ್ರೆ ನಿಂತ ವಿಮಾನ ನೋಡುದು ಅಂದ್ರೆ ಯಕ್ಷಗಾನದವರು ವೇಷ ಹಾಕುವ ಚೌಕಿಯಲ್ಲಿ ಬಿಚ್ಚಿಟ್ಟ ಕಿರೀಟ ನೋಡಿದ ಹಾಗೆ. ರಂಗಸ್ಥಳಕ್ಕೆ ಬರ್ಬೇಕಲ್ಲ.

ಸ್ಪಿಟ್‌ಫೈರ್ ರಂಗಸ್ಥಳಕ್ಕೆ ಬರುದು ಅಂದ್ರೆ ಲೋ ಪಾಸ್. ನೆಲಕ್ಕೆ ಉಜ್ಜಿದ ಹಾಗೆ ದೂರದಿಂದ ಬಂದು, ನಮ್ಮೆದುರು ಹಾದು, ಒಂದು ಬದಿಗೆ ವಾಲಿ ಮೇಲೆ ಏರುದು. ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ಏರ್ ಶೋ ಆಗುವಾಗ ಇದನ್ನು ನೋಡ್ಲಿಕ್ಕೇ ಜನ ಬರುದು. ಅದರಲ್ಲೂ ರೇ ಹ್ಯಾನಾ ಅಂತ ಒಬ್ಬ ಇದ್ದ, ನ್ಯೂಜಿಲೆಂಡಿನವ, ಬ್ರಿಟಿಷ್ ವಾಯುಪಡೆಯ ಕಸರತ್ತಿನ ತಂಡ ರೆಡ್ ಆರೋಸಿಗೆ ಲೀಡರ್ ಆಗಿದ್ದವ, ಅವ 1980ರ ದಶಕದ ಕೊನೆಗೆ ಶೂಟಿಂಗಿಗೆ ಅಂತ ಟೀಸ್ ನದಿಯ ವಿನ್‌ಸ್ಟನ್ ಸೇತುವೆಯ ಅಡಿಯಿಂದ, ಒಂದೇ ಒಂದು ಕಲ್ಲಿನ ಕಮಾನು ಅದು, ಅದರ ಒಳಗಿಂದ ಎಂಎಚ್ 434 ಅನ್ನುವ 1943ರ ಸ್ಪಿಟ್‌ಫೈರನ್ನು ತೂರಿಸ್ಕೊಂಡು ಹೋಗಿದ್ದಾನೆ. ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಪ್ರತೀ ಸಲ ಕಮಾನು ಹತ್ರ ಬರುವಾಗ ನಾನು ಕೂತಲ್ಲೇ ತಲೆ ತಗ್ಗಿಸ್ತೇನೆ.

ಹಾಗಾದ್ರೆ ಈ ಮೊಳದ ವಿಮಾನಕ್ಕೆ ಅದು ಸಾಧ್ಯವಾ? ನನ್ನ ರಿವ್ಯೂ ಇಷ್ಟೇ ನೋಡಿ, ಬಾಕಿ ಎಲ್ಲ ಒಗ್ಗರಣೆ.

ನಿಜವಾದ ಸ್ಪಿಟ್‌ಫೈರಿನ ರೆಕ್ಕೆ 11.23 ಮೀಟರ್. ಅಂದ್ರೆ ನಮ್ಮದು ಅದರ 28ರಲ್ಲಿ ಒಂದು ಪಾಲು. ಅದು 50 ಅಡಿ ಎತ್ತರದಲ್ಲಿ ಹಾದು ಹೋದ್ರೆ ಇದಕ್ಕೆ ಎರಡಡಿಗೂ ಕಮ್ಮಿ, ಮೊಣಕಾಲೆತ್ತರ. ಹಳೇ ಮಾರ್ಕ್ 1 ಸ್ಪಿಟ್‌ಫೈರಿನ ಟಾಪ್ ಸ್ಪೀಡು ಗಂಟೆಗೆ ಸುಮಾರು 580 ಕಿಲೋಮೀಟರ್, 28ರಿಂದ ಭಾಗಿಸಿದ್ರೆ 20ರ ಹತ್ರ ಬರ್ತದೆ, ಇದೂ ಅಂದಾಜು ಅಷ್ಟೇ ಹೋಗ್ತದೆ, ಸೈಕಲ್ ತುಳಿದ ಹಾಗೆ. ಈ ಲೆಕ್ಕ ಕಾಗದದಲ್ಲಿ ಹಾಕಿ ಆದ ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ ನನಗೆ.

ಜಾಗಕ್ಕೆ ನಮ್ಮಲ್ಲಿ ಬರ ಇಲ್ಲ. ಸುಗ್ಗಿ ಕೊಯ್ದು ಆದ ಗದ್ದೆ, ಮೂರು ಕಡೆ ಕಂಗಿನ ತೋಟ, ಒಂದು ಕಡೆ ತೋಡು. ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಗಾಳಿ ಇಲ್ಲ. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಶುರುವಾದ್ರೆ ಇಷ್ಟು ಹಗುರದ ವಿಮಾನವನ್ನು ಒಳಗೇ ಇಡಿ, ನಾನು ಒಂದು ಸಲ ಹಟ ಮಾಡಿ ಹಾರಿಸಿ ಅದು ಹಟ್ಟಿಯ ಹೆಂಚಿನ ಮೇಲೆ ಕೂತಿತ್ತು. ಇದಕ್ಕೆ ಚಕ್ರ ಇಲ್ಲ, ಕೈಯಿಂದ ಎಸೆಯುದು, ಹೊಟ್ಟೆಯಲ್ಲಿ ಇಳಿಸುದು. ಎಸೆದ ಕೂಡ್ಲೆ ಎಡದ ರೆಕ್ಕೆ ಸ್ವಲ್ಪ ಬೀಳ್ತದೆ, ಹೆದರ್ಬೇಡಿ, ಪ್ರೊಪೆಲ್ಲರ್ ಬಲಕ್ಕೆ ತಿರುಗುವಾಗ ಮೈ ಎಡಕ್ಕೆ ಎಳೀತದೆ. ನಿಜವಾದ ಮರ್ಲಿನ್ ಇಂಜಿನಿನ ಸ್ಪಿಟ್‌ಫೈರ್ ಕೂಡ ಟೇಕಾಫಿನಲ್ಲಿ ಎಡಕ್ಕೇ ಎಳೀತಿತ್ತು, ಮತ್ತೆ ಗ್ರಿಫನ್ ಇಂಜಿನ್ ಹಾಕಿದ ಮೇಲೆ ಅದು ಉಲ್ಟಾ ತಿರುಗುವ ಕಾರಣ ಬಲಕ್ಕೆ. ಇಲ್ಲಿ ಜೈರೋ ಒಂದು ಸೆಕೆಂಡಲ್ಲಿ ಸರಿ ಮಾಡ್ತದೆ. ಜೈರೋ ಆನ್ ಇದ್ರೆ ಅಮ್ಮ ಕೂಡ ಹಾರಿಸ್ಬಹುದು, ಉತ್ಪ್ರೇಕ್ಷೆ ಅಲ್ಲ, ಹಾರಿಸಿದ್ದಾರೆ, ಅರ್ಧ ನಿಮಿಷ, ಆಮೇಲೆ "ನನಗೆ ಒಲೆಯಲ್ಲಿ ಹಾಲುಂಟು" ಅಂತ ರಿಮೋಟ್ ಕೊಟ್ಟು ಹೋದ್ರು. ವಿಮಾನ ಗಾಳಿಯಲ್ಲೇ ಇತ್ತು!

ಲೋ ಪಾಸ್ ಬಂತಾ? ಬಂತು ಮಾರಾಯ್ರೆ. ಮೊದಲ ವಾರ ತಲೆ ಎತ್ತರ, ಎರಡನೇ ವಾರ ಸೊಂಟ. ಮೂರನೇ ವಾರ ನಾನು ಗದ್ದೆಯ ಹುಣಿಗೆ ಮೈ ತಾಗಿಸಿ ಮಲಗಿ, ಕಣ್ಣು ನೆಲದ ಮಟ್ಟಕ್ಕೆ ಇಟ್ಕೊಂಡು, ಅಳಿಯನ ಕೈಗೆ ರಿಮೋಟ್ ಕೊಟ್ಟೆ. ಕೊಯ್ದ ಪೈರಿನ ಕೂಳೆಯ ಮೇಲಿಂದ, ಬೆಳಿಗ್ಗೆಯ ಮಂಜು ಸ್ವಲ್ಪ ಉಳಿದಿತ್ತು, ಆ ಎರಡು ಮೊಟ್ಟೆಯಾಕಾರದ ರೆಕ್ಕೆ ನೇರ ನನ್ನ ಕಡೆ ಬಂತು. ಬೆಳ್ಳಕ್ಕಿಗಳು ಎದ್ದು ಹೋದ್ವು. ನನ್ನೆದುರು ವಾಲಿದಾಗ ರೆಕ್ಕೆಯ ಪೂರ್ತಿ ಆಕಾರ ಕಂಡಿತು ನೋಡಿ, ಆ ಒಂದು ಸೆಕೆಂಡಿಗೆ ಎಂಟು ಸಾವಿರ ವಸೂಲ್. ಆರ್. ಜೆ. ಮಿಚೆಲ್ ಇದನ್ನು ಡಿಸೈನ್ ಮಾಡಿ, 1936ರ ಮಾರ್ಚಿನಲ್ಲಿ ಅದು ಮೊದಲ ಸಲ ಹಾರಿತು, ಮರುವರ್ಷವೇ ಅವ ತೀರಿಹೋದ. ಆಮೇಲೆ 20 ಸಾವಿರಕ್ಕೂ ಮೇಲೆ ತಯಾರಾದದ್ದು ಅವ ನೋಡ್ಲೇ ಇಲ್ಲ. ಆ ಹೊತ್ತಿಗೆ ನನಗೆ ಅದೇ ತಲೆಗೆ ಬಂತು, ಯಾಕೋ.

ಆದ್ರೆ ಸದ್ದು. ಅಯ್ಯೋ, ಸದ್ದು! ಮರ್ಲಿನ್ ಅಂದ್ರೆ 27 ಲೀಟರಿನ ಹನ್ನೆರಡು ಸಿಲಿಂಡರ್ ಇಂಜಿನ್, 800 ಸಿಸಿ ಆಲ್ಟೊ ಕಾರಿನ ಲೆಕ್ಕದಲ್ಲಿ 34 ಕಾರು ಒಟ್ಟಿಗೆ ಇಟ್ಟ ಹಾಗೆ. ಇಯರ್‌ಫೋನಿನಲ್ಲಿ ಕೇಳಿದ್ರೂ ಎದೆಯಲ್ಲಿ ಗುಡುಗ್ತದೆ. ಇದು ಬರುದು ಮಿಕ್ಸಿಯಲ್ಲಿ ಬರೀ ಕೊತ್ತಂಬರಿ ಹಾಕಿದ ಸದ್ದಿನಲ್ಲಿ. ನಾನು ಫೋನಿನಲ್ಲಿ ಮರ್ಲಿನ್ ಸದ್ದು ಹಾಕಿ ಬ್ಲೂಟೂತ್ ಸ್ಪೀಕರ್ ಹುಣಿಯಲ್ಲಿ ಇಟ್ಟು ನೋಡಿದೆ, ವಿಮಾನ ಬಲಕ್ಕೆ ಹೋಗುವಾಗ ಸದ್ದು ಎಡದಲ್ಲೇ ಉಳೀತದೆ, ಅದಕ್ಕಿಂತ ಮಿಕ್ಸಿಯೇ ವಾಸಿ. ಒಂದು ವಿಷಯದಲ್ಲಿ ಮಾತ್ರ ನಮ್ಮ ಬ್ಯಾಟರಿ ಗಾಡಿ ಮೇಲು. ಹಳೇ ಮರ್ಲಿನಿನ ಕಾರ್ಬುರೇಟರ್‌ನಿಂದಾಗಿ ಮೂತಿ ಜೋರಾಗಿ ಕೆಳಗೆ ಒತ್ತಿದ್ರೆ ಇಂಜಿನ್ ಕೆಮ್ಮಿ ಬಂದ್ ಆಗ್ತಿತ್ತು, ಜರ್ಮನ್ನರ ಮೆಸರ್‌ಸ್ಮಿಟ್‌ಗೆ ಪೆಟ್ರೋಲ್ ಇಂಜೆಕ್ಷನ್ ಇದ್ದ ಕಾರಣ ಅವರು ಸೀದಾ ಕೆಳಗೆ ಬಗ್ಗಿ ತಪ್ಪಿಸ್ಕೊಳ್ತಿದ್ರು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಅಂತ ಒಬ್ಬರು ಹೆಂಗಸು ಇಂಜಿನಿಯರ್ ನಡುವೆ ತೂತಿರುವ ಒಂದು ಸಣ್ಣ ಬಿಲ್ಲೆ ಹಾಕಿ ಅದಕ್ಕೆ ತಾತ್ಕಾಲಿಕ ಮದ್ದು ಮಾಡಿದ್ರು. ನಮ್ಮದಕ್ಕೆ ಉಲ್ಟಾ ಮಾಡಿದ್ರೂ ಕೆಮ್ಮು ಇಲ್ಲ.

ಇಳಿಸುದೇ ತಲೆಬಿಸಿ. ಮೊಣಕಾಲಿಂದ ಕೆಳಗೆ ಬಂದ ಮೇಲೆ ವಿಮಾನ ನೆಲಕ್ಕೆ ಮುಟ್ಟುದೇ ಇಲ್ಲ, ತೇಲ್ತಾ ತೇಲ್ತಾ ಹೋಗ್ತದೆ. ರಿಮೋಟ್ ಹಾಳಾಯ್ತಾ ಅಂತ ನಾನು ಬೈದದ್ದೂ ಉಂಟು. ಆಮೇಲೆ ಗೊತ್ತಾದದ್ದು, ರೆಕ್ಕೆಯ ಉದ್ದಕ್ಕಿಂತ ಕಮ್ಮಿ ಎತ್ತರಕ್ಕೆ ಬಂದ್ರೆ ರೆಕ್ಕೆ ತುದಿಯಲ್ಲಿ ಸುತ್ತುವ ಗಾಳಿಗೆ ನೆಲ ಅಡ್ಡ ಬರ್ತದೆ, ಎಳೆತ ಕಮ್ಮಿಯಾಗ್ತದೆ, ದೊಡ್ಡ ವಿಮಾನಕ್ಕೂ ಇದೇ ಕತೆ. ಹಾಗಾಗಿ ಗದ್ದೆ ಮುಗಿಯುವ ತುಂಬಾ ಮೊದಲೇ ಮೋಟಾರ್ ಬಂದ್ ಮಾಡಿ. ಇದು ಗೊತ್ತಾಗುವ ಮೊದಲು ಎರಡು ಸಲ ತೋಡಿಗೆ, ಒಂದು ಸಲ ಕಂಗಿನ ಹಿಂಗಾರಕ್ಕೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡ್ಲಿಕ್ಕೆ ತಂದ ಕಾರ್ಬನ್ ಫೈಬರ್ ದೋಟಿ ಇಲ್ದಿದ್ರೆ ನನ್ನ ಸ್ಪಿಟ್‌ಫೈರ್ ಈಗಲೂ ಅಲ್ಲೇ ಇರ್ತಿತ್ತು. ಪಕ್ಕದ ತೋಟದ ಮಾವ ನೋಡಿ "ಬೋರ್ಡೋ ಬಿಡ್ಲಿಕ್ಕೆ ಆಗ್ತದಾ ಇದ್ರಲ್ಲಿ?" ಅಂತ ಕೇಳಿದ್ರು. ಇಲ್ಲ ಅಂದೆ. "ಮತ್ತೆಂತಕ್ಕೆ" ಅಂತ ಹೋದ್ರು.

ಸ್ಟಿಕ್ಕರ್ ಬಗ್ಗೆ ಒಂದು ತಕರಾರು. ಇವರು ಕೊಟ್ಟದ್ದು ಇಂಗ್ಲೆಂಡಿನ ಗುರುತು, ನೀಲಿ ಬಿಳಿ ವೃತ್ತ, ನಡುವೆ ಕೆಂಪು. ಬರ್ಮಾ ಕಡೆ ಯುದ್ಧಕ್ಕೆ ಬಂದ ವಿಮಾನದಲ್ಲಿ ಆ ಕೆಂಪು ತೆಗೆದಿದ್ರು, ಯಾಕಂದ್ರೆ ಜಪಾನಿನವರ ಗುರುತೇ ಕೆಂಪು ಉರುಟು, ದೂರದಿಂದ ನೋಡಿ ನಮ್ಮವರೇ ನಮ್ಮವರಿಗೆ ಗುಂಡು ಹಾಕಿದ್ರೆ? ನಮ್ಮ ಏರ್‌ಫೋರ್ಸಿನ 8ನೇ ಸ್ಕ್ವಾಡ್ರನ್‌ಗೆ 1944ರಲ್ಲಿ ಸಿಕ್ಕಿದ ಸ್ಪಿಟ್‌ಫೈರ್ ಹಾರಿದ್ದು ಆ ಕಡೆಯೇ. ನಾನು ಕೆಂಪಿನ ಮೇಲೆ ತಿಳಿನೀಲಿ ಬಳಿದೆ. ಬ್ರಷ್ಷಿನಲ್ಲಿ ತೆಳ್ಳಗೆ ಅಕ್ರಿಲಿಕ್ ಹಾಕಿ, ಸ್ಪ್ರೇ ಡಬ್ಬಿ ಬೇಡ, ನಾನು ಮುರಿದ ತುಂಡಿನಲ್ಲಿ ಟೆಸ್ಟ್ ಮಾಡಿದಾಗ ಫೋಮ್ ಕರಗಿ ಹಪ್ಪಳ ಆಯ್ತು. ಬಾಲಕ್ಕೆ ಬಣ್ಣ ಜಾಸ್ತಿ ಆದ್ರೆ ಬಾಲ ಭಾರ ಆಗಿ ಮೂತಿ ಎತ್ತುತ್ತದೆ, ಅದೂ ಅನುಭವದಿಂದಲೇ ಹೇಳುದು. ಇನ್ನೊಂದು, ಇವರಲ್ಲಿ ಸಿಗುದು ಸ್ಪಿಟ್‌ಫೈರ್, ಮಸ್ಟಾಂಗ್ ಅಷ್ಟೇ. ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲೇ ಜೋಡಿಸಿದ ಅಮೆರಿಕದ ಯುದ್ಧವಿಮಾನ ಕರ್ಟಿಸ್ ಹಾಕ್ ಉಂಟಲ್ಲ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ 1940ರಲ್ಲಿ ಫ್ಯಾಕ್ಟರಿ ಶುರು ಮಾಡಿದ್ದು, ಅದು ಇವರಲ್ಲಿ ಇಲ್ಲ. ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ 1ನೇ ಸ್ಕ್ವಾಡ್ರನ್ ಹಾರಿಸಿದ ಹರಿಕೇನೂ ಇಲ್ಲ.

ಅರ್ಜನ್ ಸಿಂಗ್ ಅಂದಾಗ ನೆನಪಾಯ್ತು, ಲೋ ಪಾಸಿಗೂ ನಮ್ಮ ಕಡೆಗೂ ಒಂದು ಸಂಬಂಧ ಉಂಟು. 1945ರಲ್ಲಿ ಅವರು ಈಗಿನ ಕೇರಳದಲ್ಲೇ ಒಂದು ಮನೆಯ ಮೇಲೆ ತೀರಾ ಕೆಳಗೆ ವಿಮಾನ ಹಾರಿಸಿದ್ದಕ್ಕೆ ಕೋರ್ಟ್ ಮಾರ್ಷಲ್ ಎದುರಿಸಿದ್ರು. ಕಲಿಯುವ ಪೈಲಟ್ ಒಬ್ಬನಿಗೆ ಧೈರ್ಯ ತುಂಬ್ಲಿಕ್ಕೆ ಮಾಡಿದ್ದಂತೆ. 1964ರಲ್ಲಿ ಅವರೇ ವಾಯುಪಡೆಯ ಮುಖ್ಯಸ್ಥರಾದ್ರು. ಇದನ್ನು ಅಮ್ಮನಿಗೆ ಹೇಳಿದೆ, ಹಟ್ಟಿಯ ಹೆಂಚು ಒಡೆದ ದಿನ. ಕೆಲಸಕ್ಕೆ ಬರ್ಲಿಲ್ಲ.

ಈಗ ಬೈಗುಳ. ಎರಡು ಬ್ಯಾಟರಿಯಲ್ಲಿ ಒಂದು ಹತ್ತನೇ ದಿನಕ್ಕೇ ಉಬ್ಬಿತು. ಮಾರಿದವರಿಗೆ ಫೋಟೋ ಸಮೇತ ಬರೆದೆ, "ನಿಮ್ಮ ಅನುಭವ ನಮಗೆ ಮುಖ್ಯ" ಅಂತ ಉತ್ತರ ಬಂತು, ಬ್ಯಾಟರಿ ಬರ್ಲಿಲ್ಲ. ಉಬ್ಬಿದ್ದನ್ನು ಚಾರ್ಜಿಗೆ ಹಾಕ್ಲೇಬೇಡಿ, ಬೆಂಕಿ ಹಿಡೀತದೆ. ಉಳಿದದ್ದರಲ್ಲಿ ಹೆಚ್ಚಂದ್ರೆ ಹತ್ತು ನಿಮಿಷ ಹಾರ್ತದೆ, ಬಾಕ್ಸಿನಲ್ಲಿ ಹದಿನೈದು ಅಂತ ಬರೆದಿದ್ದಾರೆ. ಮ್ಯಾನುಯಲ್ಲಿನ ಇಂಗ್ಲಿಷು ಓದಿದ್ರೆ ತಲೆ ತಿರುಗ್ತದೆ, ಅಳಿಯ ವಿಡಿಯೋ ನೋಡಿ ಕಲಿಸಿದ ನನಗೆ.

ಮತ್ತೆ ಇದು ಹಗುರ ಅಂತ ಜನರ ಮೇಲೆ ಹಾರಿಸ್ಬೇಡಿ. 2015ರಲ್ಲಿ ಇಂಗ್ಲೆಂಡಿನ ಶೋರಮ್ ಏರ್ ಶೋದಲ್ಲಿ ಹಳೇ ಹಂಟರ್ ಜೆಟ್ ಒಂದು ಲೂಪ್ ಹಾಕ್ಲಿಕ್ಕೆ ಹೋಗಿ ಎತ್ತರ ಸಾಲದೆ ರಸ್ತೆಗೆ ಬಿದ್ದು 11 ಜನ ಸತ್ರು, ಅವರಲ್ಲಿ ಶೋ ನೋಡ್ಲಿಕ್ಕೇ ಬಾರದೆ ದಾರಿಯಲ್ಲಿ ಹೋಗ್ತಿದ್ದವರೂ ಇದ್ರು. ನಮ್ಮಲ್ಲಿ ರೂಲ್ ಇಷ್ಟು: ನೋಡುವವರು ಹುಣಿಯ ಆಚೆ, ವಿಮಾನ ಈಚೆ, ಮೂತಿ ಯಾವತ್ತೂ ಜನರ ಕಡೆ ಇಲ್ಲ. ಸೀತಾಂಗೋಳಿ ಕಡೆ ಇರುವವರು ಹಾರಿಸುವ ಮೊದಲು ಎಲ್ಲಿ ಡ್ರೋನ್ ಹಾರಿಸ್ಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಿನಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿ ಉಂಟು ಅಂತ ಒಮ್ಮೆ ನೋಡಿ.

ಐದಕ್ಕೆ ನಾಲ್ಕು ಕೊಡ್ತೇನೆ. ಸದ್ದಿಗೆ ಅರ್ಧ ಕಟ್, ಬ್ಯಾಟರಿಗೆ ಅರ್ಧ. ಹಾರಾಟಕ್ಕೆ ಒಂದು ಚೂರೂ ಕಟ್ ಇಲ್ಲ. ಬೇರೆ ಅಂಗಡಿಯಿಂದ ಬ್ಯಾಟರಿ ಆರ್ಡರ್ ಹಾಕಿದ್ದೇನೆ, ಪಕ್ಕದ ಗದ್ದೆಯವರು ಕೊಳಕೆ ಬೆಳೆಗೆ ಉಳುವ ಮೊದಲು ಬಂದ್ರೆ ಸಾಕಿತ್ತು. ಮೂರು ಸಲ ಲೊಕೇಶನ್ ಕಳಿಸಿ ಆಯ್ತು.